ಪರಿಮಳದ ಮರ ಕಡಿಸಿದ್ದು

ಕಾನಸೂರು
೧೨ ನವೆಂಬರ್ ೨೦೨೪

ಪ್ರೀತಿಯ ನಮಿತಾ,

ಹೇಗಿದ್ದೀಯೆ? ಉಮ್ಮಚಗಿಯಲ್ಲಿ ಚಳಿ ಶುರುವಾಗಿರಬೇಕು, ನಿನ್ನ ಬೆಳಗಿನ ಸೀನು ಹೆಚ್ಚಾಗಿಲ್ಲ ತಾನೇ? ನಿನ್ನ ತಾಯಿಯ ಮಂಡಿನೋವು ಹೇಗಿದೆ? ನೀನು ತವರಿಗೆ ಹೋಗಿ ಒಂದು ವರ್ಷವಾಯಿತು. ಇಷ್ಟು ದಿನ ತಿರುಗಿ ನೋಡದ ಅತ್ತೆ ಈಗ ಕ್ಷೇಮ ವಿಚಾರಿಸುತ್ತಾಳೆಂದು ನಗಬೇಡ. ನಕ್ಕರೂ ನಗು. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ, ಎತ್ತಿದರೂ ನನ್ನ ಬಾಯಿ ಎಂಥದ್ದೆಂದು ನಿನಗೆ ಗೊತ್ತೇ ಇದೆ. ಕಾಗದದಲ್ಲಾದರೆ ಮಾತು ಹೊರಡುವ ಮೊದಲು ಸ್ವಲ್ಪ ಯೋಚಿಸಬಹುದು.

ನಿನ್ನೆಯಿಂದ ನನಗೆ ಊಟ ಸೇರುತ್ತಿಲ್ಲ. ಈ ಮಳೆಗಾಲ ನಮ್ಮ ಆರು ಜಾಯಿಕಾಯಿ ಮರಗಳಲ್ಲಿ ಬೆರಳೆಣಿಕೆಯಷ್ಟೂ ಕಾಯಿ ಇರಲಿಲ್ಲ. ನಿನ್ನ ಮಾವ ನೆಟ್ಟ ಮರಗಳು, ಹೀಗೆಂದೂ ಆದದ್ದಿಲ್ಲ. ರೋಗವಿರಬೇಕೆಂದು ಬೇವಿನ ಹಿಂಡಿ ಹಾಕಿಸಿದೆ, ದೇವರಿಗೂ ಹೇಳಿಕೊಂಡೆ. ಕೊನೆಗೆ ನಿನ್ನೆ ನನ್ನ ತಂಗಿಯ ಮಗಳು ಭೂಮಿಕಾ ಬಂದಳು, ಶಿರಸಿಯಲ್ಲಿ ತೋಟಗಾರಿಕೆ ಓದುತ್ತಿದ್ದಾಳಲ್ಲ, ಅವಳು. ನಿಲ್ಕುಂದದ ಯಾರದೋ ತೋಟದಿಂದ ಒಂದು ಗೊಂಚಲು ಹೂ ತಂದಿದ್ದಳು. ಅದನ್ನೂ ನಮ್ಮ ಮರದ ಹೂವನ್ನೂ ಅಡುಗೆಮನೆಯ ಮಣೆಯ ಮೇಲಿಟ್ಟು ಬ್ಲೇಡಿನಿಂದ ಸೀಳಿದಳು. ಹೊರಗಿನಿಂದ ಎರಡೂ ಒಂದೇ ಥರ, ಕೆನೆಬಣ್ಣದ ಪುಟ್ಟ ಗಡಿಗೆಗಳು. ಒಳಗೆ ನೋಡಿದರೆ ನಮ್ಮದರಲ್ಲಿ ಮುಂದೆ ಕಾಯಿಯಾಗುವ ದುಂಡನೆಯ ಅಂಡಾಶಯ. ಇನ್ನೊಂದರಲ್ಲಿ ಅದಿಲ್ಲ, ನಡುವೆ ಒಂದು ಕಡ್ಡಿ, ಕಡ್ಡಿಯ ಮೈಗೆಲ್ಲ ಪರಾಗದ ಹುಡಿ. ಒಂದು ಮರದ ತುಂಬ ಹೆಣ್ಣು ಹೂವಾದರೆ ಇನ್ನೊಂದರ ತುಂಬ ಗಂಡು ಹೂವಂತೆ. ಪರಿಮಳ ಹಿಡಿದು ಬರುವ ಸಣ್ಣ ಹುಳುಗಳು ಆ ಹುಡಿಯನ್ನು ಇಲ್ಲಿಗೆ ತಂದರೆ ಮಾತ್ರ ಕಾಯಂತೆ. ನಿಮ್ಮ ಗಂಡು ಮರ ಎಲ್ಲಿ ಎಂದು ಕೇಳಿದಳು. ಕಾಯಿ ಬಿಡದ ಒಂದು ಮರವಿತ್ತು, ಕಡಿಸಿದೆ ಎಂದು ಬಾವಿಯ ಪಕ್ಕದ ಬೊಡ್ಡೆ ತೋರಿಸಿದೆ. "ಅದು ಗೊಡ್ಡಲ್ಲ ದೊಡ್ಡಾಯಿ, ಗಂಡು ಮರ ಆಗಿತ್ತು" ಅಂದಳು. ನಂಬದೆ ಆ ಗೊಂಚಲನ್ನು ಮೂಸಿದೆ. ನಿನ್ನ ಕೋಣೆಯಲ್ಲಿರುತ್ತಿದ್ದ ಅದೇ ಪರಿಮಳ.

ಉದುರಿದ ಹೂಗಳನ್ನು ಆರಿಸಿ ತಂದು ಬಟ್ಟಲಲ್ಲಿಟ್ಟು ಕಿಟಕಿಯಲ್ಲಿಡುತ್ತಿದ್ದೆ ನೀನು. ತೋಟದ ಕೆಲಸದ ಚೌಡ ಕೊಡಲಿ ಹಿಡಿದು ಬಂದ ದಿನ "ಪರಿಮಳಕ್ಕಾದ್ರೂ ಇರ್ಲಿ ಅತ್ತೆ" ಅಂದೆ. ಈ ಮನೆಯಲ್ಲಿ ನೀನು ಬಾಯಿಬಿಟ್ಟು ಕೇಳಿದ್ದು ಅದೊಂದೇ. ನಾನು ಚೌಡನ ಕಡೆ ತಿರುಗಿ, "ಕಡ್ದು ಹಾಕು, ಈ ಮನೆಗೆ ಒಂದು ಗೊಡ್ಡು ಸಾಕು" ಅಂದೆ. ಮದುವೆಯಾಗಿ ಏಳು ವರ್ಷ ಮಡಿಲು ತುಂಬದವಳಿಗೆ ಆ ಮಾತು ಎಲ್ಲಿ ತಾಗುತ್ತದೆಂದು ಗೊತ್ತಿದ್ದೇ ಅಂದೆ. ಮರುದಿನ ನೀನು ಹೊರಟೆ, ಹೊರಡುವಾಗಲೂ ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿದೆ. ಒಂದು ಹೂ ಬಿಡಿಸಿ ನೋಡದೆ ಮರ ಕಡಿಸಿದವಳು, ನಿನ್ನನ್ನೂ ಹಾಗೆಯೇ ಕಳಿಸಿದೆ. ತಪ್ಪು ನನ್ನದು ನಮಿತಾ. ಮಕ್ಕಳಾಗಲಿ, ಬಿಡಲಿ, ನೀನು ಮನೆಗೆ ಬಾ.

ನಿನ್ನ ಅಪ್ಪ ಅಮ್ಮನಿಗೆ ನನ್ನ ನಮಸ್ಕಾರ ಹೇಳು. ನನ್ನ ಆಶೀರ್ವಾದ ಬೇಡವೆನಿಸಿದರೂ ಅದು ನಿನಗಿದೆ.

ನಿನ್ನ ಅತ್ತೆ
ಸೀತಾ

ತಾ.ಕ.: ಲಕೋಟೆ ಅಂಟಿಸುವ ಮೊದಲು ನಿನ್ನ ಗಂಡ ವೈಭವ ಇದನ್ನು ಓದಿದ. ಕಪಾಟಿನ ತಳದಿಂದ ಹುಬ್ಬಳ್ಳಿಯ ಡಾಕ್ಟರ ಕಾಗದ ತಂದು ನನ್ನ ಮುಂದಿಟ್ಟ. ಮೂರು ವರ್ಷದ ಹಿಂದಿನದು. ಕೊರತೆ ನಿನ್ನದಲ್ಲ, ಅವನದು. ಕೆಳಗೆ ನಿಮ್ಮಿಬ್ಬರ ಸಹಿ. "ಆನೇ ಅವ್ಳಿಗೆ ಹೇಳಡ ಹೇಳಿದ್ದಿ, ಆಯಿ" ಅಂದ. ಯಾರಿಗೂ ಹೇಳಬೇಡವೆಂದು ನಿನ್ನ ಬಾಯಿ ಕಟ್ಟಿದವನು ಅವನೇ. ನಾನು ಆ ಮಾತು ಅಂದಾಗ ಅವನೂ ಜಗುಲಿಯಲ್ಲೇ ಕೂತಿದ್ದನಲ್ಲೇ! ನನ್ನ ಹೊಟ್ಟೆಯಲ್ಲಿ ಹುಟ್ಟಿದವನು ಸುಮ್ಮನೆ ಕೂತ, ನೀನು ಅವನ ಮಾನ ಕಾದೆ. ಈ ಕಾಗದ ಪೋಸ್ಟಿಗೆ ಹಾಕುವುದಿಲ್ಲ, ಅವನೇ ತರುತ್ತಾನೆ. ಅವನನ್ನು ಹೊರಗೇ ನಿಲ್ಲಿಸಿ ಪೂರ್ತಿ ಓದು. ಒಳಗೆ ಕರೆಯುವುದು ಬಿಡುವುದು ನಿನ್ನಿಷ್ಟ, ನೀನು ಬರದಿದ್ದರೂ ನಾನು ತಪ್ಪೆನ್ನುವುದಿಲ್ಲ. ಚೌಡನನ್ನು ಕರೆದು, ಗೊಡ್ಡು ಆ ಮರವೂ ಅಲ್ಲ, ನೀನೂ ಅಲ್ಲ ಎಂದು ಎಲ್ಲ ಹೇಳಿದ್ದೇನೆ. ಆ ಮಾತು ಅವನೆದುರೇ ಆಡಿದ್ದಲ್ಲವೇ.