ಕೆಂಪು ಗುರುತಿನ ನಲ್ಲಿ

ರೀ,

ಕೊನೆಗೂ ನಿಮ್ಮ ಮಸ್ಕತ್ತಿಗೆ ಹೋಗಿ ಬಂದೆ. ಚಳಿಗಾಲದಲ್ಲಿ ಬಾ ಎಂದು ನೀವು ಕರೆದಾಗಲೆಲ್ಲ ನನಗೆ ಏನಾದರೊಂದು ಕೆಲಸವಿರುತ್ತಿತ್ತು. ನೀವು ತೀರಿಕೊಂಡ ಮೇಲೆ, ಈ ಜೂನ್‌ನಲ್ಲಿ, ನಿಮ್ಮ ಬಟ್ಟೆಬರೆ ತರಲು ಹೋದೆ. ಮಟಮಟ ಮಧ್ಯಾಹ್ನ ನಿಮ್ಮ ಬೀದಿಯಲ್ಲಿ ಒಂದು ಕಾಗೆಯೂ ಇರಲಿಲ್ಲ. ನನ್ನ ನೆರಳು ಕೂಡ ಕಾಲಡಿ ಸೇರಿಕೊಂಡಿತ್ತು.

ನಿಮ್ಮ ರೂಮಿನಲ್ಲಿ ಕೈ ತೊಳೆಯಲು ತಣ್ಣೀರಿನ ನಲ್ಲಿ ತಿರುಗಿಸಿದೆ. ಕೈ ಸುಟ್ಟಿತು. ನಿಮ್ಮ ಜೊತೆಯಲ್ಲಿದ್ದ ಹುಣಸೂರಿನ ಮಹದೇವ ಓಡಿ ಬಂದ.

"ಅಯ್ಯೋ ಅತ್ಗೆ, ಕೆಂಪು ಗುರುತಿಂದು ತಿರುಗ್ಸಿ. ಬೇಸ್ಗೇಲಿ ತಾರಸಿ ಟ್ಯಾಂಕ್ ಕುದೀತಿರ್ತದೆ. ಗೀಸರ್ ಆಫ್ ಮಾಡ್ಬುಡ್ತೀವಿ, ಅದ್ರೊಳಗೆ ನಿಂತ ನೀರೇ ನಮ್ಗೆ ತಣ್ಣೀರು. ಅಣ್ಣನೇ ಕಲ್ಸಿದ್ದು."

ರಜೆಗೆ ಬಂದಾಗೆಲ್ಲ ಮೈಸೂರಿನ ಶ್ರೀರಾಂಪುರದ ನಮ್ಮ ಮನೆ ಬಚ್ಚಲಲ್ಲಿ ನೀವು ಕೆಂಪು ನಲ್ಲಿಯನ್ನೇ ತಿರುಗಿಸಿ ಕೈ ಸುಟ್ಟುಕೊಳ್ಳುತ್ತಿದ್ದಿರಿ. "ಗ್ಯಾನ ಎಲ್ಲಿರ್ತದೆ ನಿಮ್ಗೆ?" ಎಂದು ನಾನು ರೇಗುತ್ತಿದ್ದೆ. ನೀವು ಸುಮ್ಮನೆ ನಗುತ್ತಿದ್ದಿರಿ.

ನಿಮ್ಮ ಸೂಟ್‌ಕೇಸ್ ಊರಿಗೆ ತಂದು ನಮ್ಮ ಮನೆಯ ಬೀರುವಿನ ಪಕ್ಕ ಇಟ್ಟೆ. ಮಾರನೆಯ ಬೆಳಿಗ್ಗೆ ಎದ್ದು ನೋಡಿದರೆ ಕೆಂಪು ನಲ್ಲಿ ಸುರಿಯುತ್ತಿತ್ತು, ಬಚ್ಚಲ ತುಂಬ ಹಬೆ. ನಾನೇ ಮರೆತಿರಬೇಕು ಎಂದುಕೊಂಡು ನಿಲ್ಲಿಸಿದೆ. ಇವತ್ತು ಬೆಳಿಗ್ಗೆಯೂ ಸುರಿಯುತ್ತಿತ್ತು. ಬಾಗಿಲಿಗೆ ಒಳಗಿನಿಂದ ನಾನೇ ಹಾಕಿದ ಚಿಲಕ ಹಾಗೇ ಇತ್ತು. ಮನೆಯಲ್ಲಿ ನನ್ನನ್ನು ಬಿಟ್ಟರೆ ಯಾರಿದ್ದಾರೆ?

ಈ ಸಲ ನಾನು ರೇಗಲಿಲ್ಲ.

ಮೈಸೂರಲ್ಲೀಗ ಜಿಟಿಜಿಟಿ ಮಳೆ, ಚಳಿ. ಸ್ನಾನಕ್ಕೆ ಒಲೆಯ ಮೇಲೆ ನೀರು ಇಟ್ಟುಕೊಂಡಿದ್ದೇನೆ. ಗೀಸರ್ ಆಫ್ ಮಾಡಿದ್ದೀನಿ ಕಣ್ರೀ.