ಬೊಂಬೆಗೆ ಹೇಳಿದ ಸಮಾಧಾನ

ಅತ್ತೆಯವರೇ, ಗೆದ್ದೆ! ನಮ್ಮ ಕಡೆಯ ನರ್ಸ್ ನೋಂದಣಿಯನ್ನು ಈ ದೇಶದವರೂ ಒಪ್ಪಿಕೊಂಡರು. ಇಷ್ಟು ದಿನ ಇಲ್ಲಿನ ಆಸ್ಪತ್ರೆಯಲ್ಲಿ ಬರೀ ಹಾಸಿಗೆ ಹಾಸುತ್ತಿದ್ದ ನಾನು ನಾಳೆಯಿಂದ ಪೂರ್ತಿ ನರ್ಸ್.

ಕೊನೆಯ ಪರೀಕ್ಷೆಯಲ್ಲಿ ರೋಗಿಯ ಬದಲು ರಬ್ಬರ್ ಬೊಂಬೆಯನ್ನು ಮಲಗಿಸಿದ್ದರು. ಸೂಜಿ ಹಿಡಿದದ್ದೇ ತಡ, ನಿಮಗೆ ದಿನಾ ಚುಚ್ಚಿದ ಅಭ್ಯಾಸಬಲದಿಂದ ಕನ್ನಡದಲ್ಲೇ, "ಇರುವೆ ಕಚ್ಚಿದ ಹಾಗೆ ಆಗುತ್ತೆ ಅಷ್ಟೇ, ಆ ಕಡೆ ತಿರುಗಿ ಅತ್ತೆ" ಅಂದುಬಿಟ್ಟೆ. ಕೆಟ್ಟೆ ಅಂದುಕೊಂಡೆ. ಪರೀಕ್ಷಕಿ ಅರ್ಥ ಕೇಳಿದರು, ಹೇಳಿದೆ. "ಬೊಂಬೆಗೂ ಸಮಾಧಾನ ಹೇಳಿದೋಳು ನೀನೇ ಮೊದಲು" ಎಂದು ನಗುತ್ತಲೇ ಪಾಸು ಮಾಡಿದರು.

ನಾನಿಲ್ಲವೆಂದು ನೀವು ಇನ್ಸುಲಿನ್ ತಪ್ಪಿಸುತ್ತಿದ್ದೀರಂತೆ, ನಿಮ್ಮ ಮಗ ಚಾಡಿ ಹೇಳಿದರು. ಆ ಬೊಂಬೆ ತುಟಿಪಿಟಕ್ಕೆನ್ನದೆ ಚುಚ್ಚಿಸಿಕೊಂಡಿತು, ನೋಡಿ ಕಲಿಯಿರಿ! ಬಸ್ ಸ್ಟಾಪಿನಲ್ಲಿ ಕೂತು ಬರೆಯುತ್ತಿದ್ದೆ, ಬಸ್ ಬಂತು, ನಿಲ್ಲಿಸುತ್ತೇನೆ.

ಎರಡು ದೇಶಗಳ ನರ್ಸಮ್ಮ,
ನಿಮ್ಮ ಸೊಸೆ