ಶನಿವಾರವಷ್ಟೇ ತೆರೆಯುವ ಕಪಾಟು

ಮಾನ್ಯ ಶಾಲಾ ತನಿಖಾಧಿಕಾರಿಗಳೇ,

ನಿಮ್ಮ ಆಜ್ಞೆಯಂತೆ ನಮ್ಮೂರ ಶಾಲೆಯಲ್ಲಿ ಇಟ್ಟಿರುವ ಒಂದು ಕಪಾಟಿನ ದೆಸೆಯಿಂದ ನಾಲ್ಕನೆಯ ಇಯತ್ತೆಯ ಒಬ್ಬ ಹುಡುಗಿ ಊಟ ಬಿಟ್ಟಳು, ಇನ್ನೊಬ್ಬಳು ಶಾಲೆಯನ್ನೇ ಬಿಟ್ಟಳು. ಊಟ ಬಿಟ್ಟವಳು ಈಗ ಉಣ್ಣುತ್ತಿದ್ದಾಳೆ. ಶಾಲೆ ಬಿಟ್ಟವಳಿಗಾಗಿ ಈ ಪತ್ರ. ಖಾಸಗಿಯಾಗಿ ಬರೆದಿದ್ದರೆ ನಿಮ್ಮ ಕಚೇರಿಯಲ್ಲಿ ಇದಕ್ಕೂ ಒಂದು ಕಪಾಟು ಸಿಗುತ್ತಿತ್ತು. ಆದ್ದರಿಂದ ಪತ್ರಿಕೆಯ ಮೂಲಕ ಬರೆಯುತ್ತಿದ್ದೇನೆ.

ನಮ್ಮದು ಹಳಿಯಾಳ ತಾಲೂಕಿನ ಒಂದು ಹಳ್ಳಿ. ಹೆಸರು ಹೇಳುವುದಿಲ್ಲ. ಹೇಳಿದರೆ ನೀವು ಕಪಾಟನ್ನು ಅಲ್ಲಿಯೇ ಬಿಟ್ಟು ಮಾಸ್ತರರನ್ನು ವರ್ಗ ಮಾಡುತ್ತೀರಿ. ಮಕ್ಕಳು ಮರೆತ ಅಥವಾ ಕಳೆದುಕೊಂಡ ವಸ್ತುಗಳನ್ನೆಲ್ಲ ಕಪಾಟಿನಲ್ಲಿಟ್ಟು ಕೀಲಿ ಹಾಕಬೇಕು, ಶನಿವಾರ ಪ್ರಾರ್ಥನೆಯಾದ ಮೇಲೆ ಎಲ್ಲರೆದುರು ತೆರೆಯಬೇಕು, ಕಳೆದುಕೊಂಡವರೇ ಮುಂದೆ ಬಂದು ಕಿವಿ ಹಿಡಿದು ‘ನಾನು ಅಲಕ್ಷ್ಯ ಮಾಡಿದೆ’ ಎಂದು ಹೇಳಿ ತಮ್ಮ ವಸ್ತುವನ್ನು ಪಡೆಯಬೇಕು, ಅದು ಸಿಕ್ಕವರೂ ಮುಂದೆ ಬಂದು ಎಲ್ಲಿ, ಹೇಗೆ ಸಿಕ್ಕಿತೆಂದು ವಿವರಿಸಬೇಕು ಎಂಬುದು ನಿಮ್ಮ ಆಜ್ಞೆ. ಇದರಿಂದ ಮಕ್ಕಳಲ್ಲಿ ಹೊಣೆಗಾರಿಕೆ ಬೆಳೆಯುತ್ತದೆಂದೂ ಬರೆದಿದ್ದೀರಿ. ನಾನು ಕವಿತೆ ಓದುವವಳು. ಒಂದು ಶಬ್ದ ಸುಳ್ಳಾಡಿದರೆ ಕಿವಿಗೆ ತಿಳಿಯುತ್ತದೆ. ನಿಮ್ಮ ಆಜ್ಞೆಯಲ್ಲಿ ಹೊಣೆಗಾರಿಕೆ ಎಂದಿರುವಲ್ಲೆಲ್ಲ ಅಂಜಿಕೆ ಎಂದು ಓದಿಕೊಂಡೆ. ಅರ್ಥ ಸರಿಹೋಯಿತು, ಪ್ರಾಸವೂ ತಪ್ಪಲಿಲ್ಲ.

ಆ ಕಪಾಟಿನಲ್ಲಿ ಏನೇನಿದೆ, ನೋಡಿದ್ದೀರಾ? ಒಂಟಿ ಚಪ್ಪಲಿ, ಕಡ್ಡಿ ಮುರಿದ ಛತ್ರಿ, ಯಾರದೋ ಬುತ್ತಿಗಂಟು. ಸೋಮವಾರ ಮರೆತ ರೊಟ್ಟಿಯನ್ನು ಶನಿವಾರ ಕಿವಿ ಹಿಡಿದು ಬಿಡಿಸಿಕೊಳ್ಳಬೇಕು. ಅಷ್ಟರಲ್ಲಿ ಅದಕ್ಕೆ ಬೂಸು ಬಂದಿರುತ್ತದೆ. ಹೋದ ಮಳೆಗಾಲದ ತನಿಖೆಗೆ ಬಂದಾಗ ನೀವೂ ನಿಮ್ಮ ಛತ್ರಿಯನ್ನು ನಮ್ಮ ಶಾಲೆಯಲ್ಲಿ ಮರೆತಿರಿ. ನಿಮಗೆ ನೆನಪಿರಲಾರದು. ಯಾಕೆಂದರೆ ನಿಮಗೆ ನೆನಪಾಗುವ ಮೊದಲೇ ಶಾಲೆಯ ಜವಾನ ಕೆಸರಿನಲ್ಲಿ ಓಡಿ, ದಾಂಡೇಲಿಯ ಬಸ್ಸನ್ನು ತಡೆದು, ಕಿಡಕಿಯಿಂದ ಅದನ್ನು ನಿಮ್ಮ ಕೈಗೆ ಕೊಟ್ಟ. ನೀವು ಕಿವಿ ಹಿಡಿದಿರಾ? ಛತ್ರಿ ನಿನಗೆ ಹೇಗೆ ಸಿಕ್ಕಿತೆಂದು ಜವಾನನನ್ನು ಕೇಳಿದಿರಾ?

ಈಗ ನಡೆದದ್ದನ್ನು ಹೇಳುತ್ತೇನೆ. ನನ್ನ ಅಕ್ಕ ಮಹಾದೇವಕ್ಕ. ಅವಳ ಮೊಮ್ಮಗಳು ಶಿವಗಂಗಾ. ಒಂದು ಬುಧವಾರ ಸಂಜೆ ಶಾಲೆಯ ಹಿಂದೆ ಖೋ ಖೋ ಆಡುವಾಗ ಮಗುವಿನ ಕೊರಳಿನ ಶಿವದಾರ ಹರಿದು, ಬೆಳ್ಳಿಯ ಕರಡಿಗೆಯ ಸಮೇತ ಲಿಂಗ ಬಿದ್ದುಹೋಯಿತು. ಅವಳಿಗೆ ತಿಳಿದದ್ದು ಮನೆಗೆ ಬಂದ ಮೇಲೆ. ಅಷ್ಟರಲ್ಲಿ ಅವಳ ತರಗತಿಯ ಜುಲಿಯಾನಾ ಅದನ್ನು ಕಂಡಿದ್ದಳು. ಜುಲಿಯಾನಾ ಊರಾಚೆಯ ಸಿದ್ದಿಯರ ಕೇರಿಯವಳು, ಕ್ರೈಸ್ತರ ಹುಡುಗಿ. ಅವಳ ತಾಯಿ ನಮ್ಮ ಮನೆಗಳ ಕಣದಲ್ಲಿ ದುಡಿಯುವವಳು. ಕೊರಳಿನ ಲಿಂಗವನ್ನು ಬೇರೆಯವರು ಮುಟ್ಟಬಾರದೆಂದು ಮಗಳಿಗೆ ಹೇಳಿಕೊಟ್ಟಿದ್ದಳು. ಆದ್ದರಿಂದ ಆ ಹುಡುಗಿ ಅಗಲವಾದ ಒಂದು ಸಾಗವಾನಿ ಎಲೆಯನ್ನು ಕಿತ್ತು, ಕಡ್ಡಿಯಿಂದ ಕರಡಿಗೆಯನ್ನು ಮೆಲ್ಲಗೆ ಅದರ ಮೇಲೆ ಸರಿಸಿ, ಎರಡೂ ಕೈಯಲ್ಲಿ ಹಿಡಿದುಕೊಂಡು ಹೆಡ್‌ಮಾಸ್ತರರ ಬಳಿಗೆ ಒಯ್ದಳು. ಅವರು ಅದನ್ನು ಕಪಾಟಿಗೆ ಸೇರಿಸಿ, ಕೀಲಿಕೈಯನ್ನು ಕಿಸೆಗೆ ಸೇರಿಸಿ, ಮರುದಿನ ಬೆಳಿಗ್ಗೆ ಕಾರವಾರಕ್ಕೆ ಹೊರಟುಹೋದರು. ಅಲ್ಲಿ ಶಾಲೆಗಳ ಶಿಸ್ತಿನ ಬಗ್ಗೆ ಸಭೆಯಿತ್ತು. ಕರೆದವರು ನೀವೇ.

ಕೊರಳಲ್ಲಿ ಲಿಂಗವಿಲ್ಲದೆ ತುತ್ತು ಎತ್ತುವ ರೂಢಿ ನಮ್ಮ ಮನೆಯಲ್ಲಿಲ್ಲ. ಮಗು ಉಣ್ಣಲಿಲ್ಲ, ಮಗು ಉಣ್ಣಲಿಲ್ಲವೆಂದು ಅಕ್ಕನೂ ಉಣ್ಣಲಿಲ್ಲ. ಗುರುವಾರ ಜುಲಿಯಾನಾ ತಾನಾಗಿಯೇ ಬಂದು, “ಶಿವಗಂಗಾ, ಅಳಬ್ಯಾಡ, ನಿಂದು ಕಪಾಟಿನ್ಯಾಗ ಸುರಕ್ಷಿತ ಐತಿ” ಎಂದಳು. ನಾನು ಶಾಲೆಗೆ ಹೋಗಿ ಕಿರಿಯ ಮಾಸ್ತರರನ್ನು ಕೇಳಿದೆ.

“ನಾ ಏನ ಮಾಡ್ಲಿ ಅಕ್ಕಾರ? ಕಪಾಟು ಇಲ್ಲೈತಿ, ಕೀಲಿಕೈ ಕಾರವಾರದಾಗೈತಿ. ಕೀಲಿ ಒಡದ್ರ ನನ್ನ ನೌಕರಿ ಮುರೀತೈತಿ,” ಎಂದರು.

ನಮ್ಮ ಮನೆತನದ ಗುರುಗಳು, ಅಯ್ಯನವರಾದ ಅಡಿವೆಯ್ಯನವರಿಗೆ ಹೇಳಿಕಳಿಸಿದೆವು. ಲಿಂಗ ಕಳೆದುಹೋದರೆ ಹೊಸದನ್ನು ಕಟ್ಟುವ ಕ್ರಮ ಇದ್ದೇ ಇದೆ. ಅವರು ಎಲ್ಲವನ್ನೂ ಕೇಳಿ ತಲೆ ಕೆರೆದುಕೊಂಡರು.

“ಕಳದಿದ್ರ ಹೊಸಾದು ಕಟ್ತಿದ್ದೆ, ಮಹಾದೇವಕ್ಕ. ಆದ್ರ ಇದು ಕಳದಿಲ್ಲಲ್ಲ! ಎಲ್ಲೈತಿ ಅಂತ ಊರಿಗೆಲ್ಲಾ ಗೊತ್ತೈತಿ. ಕೈದಾಗೈತಿ ಅಷ್ಟ. ಜೇಲಿಗೆ ಹೋದ ಲಿಂಗಕ್ಕ ಏನ ಮಾಡ್ಬೇಕಂತ ನಮ್ಮ ಹಿರ್ಯಾರು ಹೇಳಿಲ್ಲ.”

ಅಷ್ಟು ಸಂಕಟದಲ್ಲಿಯೂ ಅಕ್ಕ ನಕ್ಕಳು. ಹಾಲು, ಬಾಳೆಹಣ್ಣು ನಡೆಯುತ್ತದೆಂದು ಅವರು ಒಪ್ಪಿಸಿದ್ದರಿಂದ ಮಗು ಶನಿವಾರ ತನ್ನ ಕಾಲ ಮೇಲೆಯೇ ಶಾಲೆಗೆ ಹೋಯಿತು. ನಮ್ಮ ಶ್ರದ್ಧೆ ನಿಮಗೆ ಮೂಢತನವೆನ್ನಿಸಬಹುದು. ಎನ್ನಿಸಲಿ. ಆದರೆ ನಿಮ್ಮ ಕೀಲಿಯ ಮೇಲೆ ನಿಮಗಿರುವ ಶ್ರದ್ಧೆಯನ್ನು ಏನೆಂದು ಕರೆಯೋಣ? ಮುಂಬಯಿ ಸರಕಾರ ಹೋಗಿ ಮೈಸೂರು ಸರಕಾರ ಬಂದು ಐದಾರು ವರ್ಷಗಳಾದರೂ ನಿಮ್ಮ ಕಚೇರಿಯ ಕಟ್ಟು ಸಡಿಲಲಿಲ್ಲ. ನಮ್ಮ ಅಯ್ಯನವರು ಒಂದು ಮಗುವಿನ ಹಸಿವೆಗಾಗಿ ತಮ್ಮ ಕಟ್ಟನ್ನು ಅಷ್ಟಾದರೂ ಸಡಿಲಿಸಿದರು. ನೀವು?

ಹೆಡ್‌ಮಾಸ್ತರರು ಕಾರವಾರದಿಂದ ಮರಳಿದ್ದ ಆ ಶನಿವಾರ ನಾನೂ ಜೊತೆಗೆ ಹೋಗಿದ್ದೆ. ಶಿವಗಂಗಾ ಎಲ್ಲರೆದುರು ಕಿವಿ ಹಿಡಿದು, ಅಲಕ್ಷ್ಯ ಮಾಡಿದೆನೆಂದು ಹೇಳಿ, ತನ್ನ ಲಿಂಗವನ್ನು ಕಣ್ಣಿಗೊತ್ತಿಕೊಂಡಳು. ಆಮೇಲೆ ಹೆಡ್‌ಮಾಸ್ತರರು ಜುಲಿಯಾನಾಳನ್ನು ಕರೆದರು.

“ಬೆಳ್ಳಿ ಕಂಡು ಕೈ ಹಾಕಿದಿ. ಆಮ್ಯಾಲೆ ಅಂಜಿ ತಂದು ಕೊಟ್ಟಿ. ಹೌದಿಲ್ಲೋ?”

“ಇಲ್ರಿ ಗುರುಗಳ, ನಾ ಕೈಲೆ ಮುಟ್ಟಿಲ್ರಿ. ಎಲಿ ಮ್ಯಾಲೆ ತಂದೇನ್ರಿ.”

“ಕೈಯಿಲ್ದ ತಂದ್ಲಂತ! ಹಾರಿ ಬಂತೇನ?”

ಮಕ್ಕಳು ನಕ್ಕರು. ಹಿಂದಿನ ಸಾಲಿನಿಂದ ಯಾರೋ ‘ಕಳ್ಳಿ’ ಎಂದರು. ನಾನು ಎದ್ದು ನಿಂತು ಇದು ಅನ್ಯಾಯವೆಂದೆ. ಹೆಡ್‌ಮಾಸ್ತರರು ವಿನಯದಿಂದಲೇ, “ನೀವು ಕಲತಾವ್ರು ಅದೀರಿ, ಅಕ್ಕಾರ. ಆದ್ರ ಇದು ಸಾಹೇಬರ ಆರ್ಡರ್ ಐತಿ. ವಸ್ತು ಸಿಕ್ಕಾವ್ರನ್ನ ಕೇಳಾಕಬೇಕು,” ಎಂದರು. ನಾವು ಮಾತಾಡುತ್ತಿದ್ದಂತೆಯೇ ಜುಲಿಯಾನಾ ಮಕ್ಕಳ ನಡುವಿನಿಂದ ಹೊರಬಿದ್ದು, ಗದ್ದೆಯ ಬದುವಿನ ಮೇಲೆ ಓಡಿಹೋದಳು. ಅವಳು ಮತ್ತೆ ಶಾಲೆಗೆ ಬಂದಿಲ್ಲ.

ನಾನು ಅವಳ ಮನೆಗೆ ಹೋದೆ. ಅವಳಪ್ಪ ಮಿಂಗೇಲ್ ಬಿದಿರು ಸೀಳುತ್ತಿದ್ದವನು ಎದ್ದು ನಿಂತ. “ನಮ್ಮ ಕೇರ್‍ಯಾಗ ನಾಲ್ಕನೇ ಇಯತ್ತಾಕ್ಕ ಹೋದಾಕಿ ಇಕಿ ಒಬ್ಬಾಕಿರಿ, ಅಕ್ಕಾರ. ಕಳಸೂ ಆಸೆ ನಂಗೂ ಇತ್ತು. ಆದ್ರ ಸಾಲಿಗೆ ಕಳಿಸಿ ಕಳ್ಳಿ ಅನಸೂದ್ಯಾಕ? ಮನ್ಯಾಗ ಕುಂತ್ರ ಆ ಮಾತಿಲ್ಲ,” ಎಂದ. ಒಳಗಿನಿಂದ ಜುಲಿಯಾನಾ ಮುಖ ತೋರಿಸದೆಯೇ ಹೇಳಿದಳು: “ಇನ್ನ ಮ್ಯಾಲೆ ಏನ ಬಿದ್ದಿದ್ರೂ ನಾ ನೋಡೂದಿಲ್ರಿ. ದಾಟಿ ಹೋಗ್ತೇನಿ.”

ಇದು ನಿಮ್ಮ ಕಪಾಟು ಕಲಿಸಿದ ಪಾಠ. ಕಳೆದುಕೊಂಡವಳಿಗೆ ಅವಮಾನ, ತಂದುಕೊಟ್ಟವಳಿಗೆ ಅದಕ್ಕಿಂತ ಹೆಚ್ಚಿನ ಅವಮಾನ. ಈಗ ನಮ್ಮ ಶಾಲೆಯ ಅಂಗಳದಲ್ಲಿ ಬಳಪ ಬಿದ್ದಿದ್ದರೂ ಮಕ್ಕಳು ಬಗ್ಗುವುದಿಲ್ಲ, ಸುತ್ತುಹಾಕಿ ಹೋಗುತ್ತಾರೆ. ಕಪಾಟಿಗೆ ಬರುವ ವಸ್ತುಗಳು ಕಡಿಮೆಯಾಗಿವೆ. ಅದನ್ನು ನೋಡಿ ನೀವು ಮಕ್ಕಳು ಸುಧಾರಿಸಿದರೆಂದು ಮೇಲಿನವರಿಗೆ ವರದಿ ಕಳಿಸುವಿರಿ ಎಂಬುದೇ ನನ್ನ ಭಯ.

ಮಕ್ಕಳು ಮರೆಯುತ್ತಾರೆ. ಓಡುವಾಗ, ಹಕ್ಕಿ ನೋಡುವಾಗ, ಗೆಳತಿಯ ಗುಟ್ಟು ಕೇಳುವಾಗ ಕೈಯಲ್ಲಿದ್ದದ್ದು ಜಾರುತ್ತದೆ. ಅದಕ್ಕೆ ಕೀಲಿ ಯಾಕೆ? ಬಾಗಿಲ ಬಳಿ, ಒಂದನೆಯ ಇಯತ್ತೆಯ ಕೂಸಿಗೂ ಎಟುಕುವ ಹಾಗೆ ಒಂದು ಹಲಗೆ ಹೊಡೆಸಿರಿ. ಸಿಕ್ಕದ್ದು ಅಲ್ಲಿರಲಿ, ಯಾರದೋ ಅವರು ಅದೇ ಸಂಜೆ ಒಯ್ಯಲಿ. ಬೆಲೆಯುಳ್ಳದ್ದನ್ನು ಮಾಸ್ತರರು ಅಂದೇ ಮನೆಗೆ ಮುಟ್ಟಿಸಲಿ. ತಂದುಕೊಟ್ಟ ಮಗುವಿಗೆ ಒಂದು ಒಳ್ಳೆಯ ಮಾತು ಸಾಕು, ವಿಚಾರಣೆ ಬೇಡ.

ಅದಕ್ಕೂ ಮೊದಲು ಮತ್ತೊಂದು ಕೆಲಸವಿದೆ. ಅಂದು ಓಡುವಾಗ ಜುಲಿಯಾನಾ ತಾನು ಬರೆಯುವ ಪಾಟಿಯನ್ನು ಸಾಲಿನಲ್ಲಿಯೇ ಬಿಟ್ಟು ಹೋದಳು. ಅದರ ಚೌಕಟ್ಟಿನ ಮೇಲೆ ಅವಳಪ್ಪ ಕುಡುಗೋಲಿನ ತುದಿಯಿಂದ ಕೆತ್ತಿದ ಶಿಲುಬೆಯಿದೆ. ಆಜ್ಞೆಯಂತೆ ಅದು ಈಗ ನಿಮ್ಮ ಕಪಾಟಿನಲ್ಲಿದೆ. ಅದರ ಮರುವಾರದ ಶನಿವಾರ ಶಿವಗಂಗಾ ಎದ್ದುಹೋಗಿ ಅದನ್ನು ಕೇಳಿದಳು. ಒಡತಿಯೇ ಬಂದು ಕಿವಿ ಹಿಡಿಯಬೇಕೆಂದರು. “ಆಕಿ ಪಾಲಿಗೆ ನಾ ನನ್ನ ಕಿವಿ ಹಿಡಕೊಂಡ್ರ ನಡೀತೈತೇನ್ರಿ?” ಎಂದು ಮಗು ಕೇಳಿತು. ನಡೆಯುವುದಿಲ್ಲವಂತೆ.

ಆದ್ದರಿಂದ ನೀವೇ ಬರಬೇಕು. ಯಾವ ಊರೆಂದು ತಿಳಿಯದಿದ್ದರೆ ನಿಮ್ಮ ಛತ್ರಿ ಮರೆತ ಊರನ್ನು ನೆನೆಸಿಕೊಳ್ಳಿರಿ. ಶನಿವಾರದ ತನಕ ಕಾಯದೆ ಆ ಕೀಲಿ ತೆಗೆಸಿ, ಪಾಟಿಯನ್ನು ಹೊರತೆಗೆದು, ಅವಳ ಮನೆಯ ತನಕ ನಡೆದುಹೋಗಿ ಅವಳ ಕೈಗೆ ಕೊಡಬೇಕು. ಇನ್ನೊಬ್ಬರ ವಸ್ತುವನ್ನು ಹೇಗೆ ಹಿಡಿದು ಒಯ್ಯಬೇಕೆಂದು ತಿಳಿಯದಿದ್ದರೆ ಸಾಗವಾನಿ ಗಿಡ ಶಾಲೆಯ ಹಿಂದೆಯೇ ಇದೆ.

ಇಂತಿ,
ಒಡತಿಯಲ್ಲದ್ದರಿಂದ ಆ ಪಾಟಿಯನ್ನು ಕೇಳುವ ಅಧಿಕಾರವಿಲ್ಲದ,
ಹಳಿಯಾಳ ತಾಲೂಕಿನ ಒಬ್ಬ ಎಂ.ಎ. ಪದವೀಧರೆ